ರೆಟ್ರೋಪೈ ಮೆನುವಿನಿಂದ ಬೇಡದ ಗೇಮ್ ಮರೆಮಾಡೋದು ಹೇಗೆ?

ಡೊಂಬಿವಲಿ ಕನ್ನಡಿಗ: ರಾಸ್ಪ್‌ಬೆರಿ ಪೈ ಅನ್ನೋ ಪುಟ್ಟ ಕಂಪ್ಯೂಟರಿಗೆ ಹಳೇ ವಿಡಿಯೋ ಗೇಮ್ ಆಡಿಸುವ ರೆಟ್ರೋಪೈ ಸಾಫ್ಟ್‌ವೇರ್ ಹಾಕಿದ್ದೇನೆ. ಆರ್ಕೇಡ್ ಪಟ್ಟಿಯಲ್ಲಿ ನಿಯೋಜಿಯೋ ಅನ್ನೋ ಹಳೇ ಗೇಮ್ ಯಂತ್ರದ ಬಯಾಸ್ (ಸಿಸ್ಟಂ ಫೈಲ್) ಕೂಡ ಗೇಮ್ ಥರಾನೇ ಕಾಣಿಸುತ್ತದೆ, ಮಗಳು ಸುಮ್ನೆ ಅದನ್ನೇ ಒತ್ತುತ್ತಾಳೆ. ಡಿಲೀಟ್ ಮಾಡಿಬಿಡಲಾ?

ಪುಣೆ ಜಾಯ್‌ಸ್ಟಿಕ್: ಬೇಡ ಮಾರಾಯ್ರೆ! ಆ ಬಯಾಸ್ ಜಿಪ್ ಫೈಲ್ ಇಲ್ಲದಿದ್ದರೆ ನಿಯೋಜಿಯೋ ಗೇಮ್‌ಗಳು ಓಡುವುದಿಲ್ಲ. ಅದರ ಮೇಲೆ ನಿಂತು ಸೆಲೆಕ್ಟ್ ಒತ್ತಿ, ಮೆಟಾಡೇಟಾ (ಗೇಮ್ ವಿವರ) ಎಡಿಟ್‌ಗೆ ಹೋಗಿ, ಹಿಡನ್ ಆನ್ ಮಾಡಿ ಸೇವ್ ಮಾಡಿ.

ಡೊಂಬಿವಲಿ ಕನ್ನಡಿಗ: ಮಾಡಿದೆ. ಇನ್ನೂ ಅಲ್ಲೇ ಇದೆಯಲ್ಲ?

ಪುಣೆ ಜಾಯ್‌ಸ್ಟಿಕ್: ಎಲ್ಲವನ್ನೂ ತೋರಿಸುವ ಮಾಮೂಲಿ ಫುಲ್ ಮೋಡ್‌ನಲ್ಲಿ ಇದ್ದೇ ಇರುತ್ತದೆ. ಸ್ಟಾರ್ಟ್ ಒತ್ತಿ, ಯುಐ ಸೆಟ್ಟಿಂಗ್ಸ್‌ನಲ್ಲಿ ಮೋಡನ್ನು ಕಿಯಾಸ್ಕ್‌ಗೆ ಬದಲಿಸಿ, ಆಗ ಮಾಯ. ವಾಪಸ್ ಫುಲ್ ಮೋಡಿಗೆ ಬರಲು ಜಾಯ್‌ಸ್ಟಿಕ್‌ನಲ್ಲಿ ಒತ್ತಿ: ಮೇಲೆ ಮೇಲೆ, ಕೆಳಗೆ ಕೆಳಗೆ, ಎಡ ಬಲ, ಎಡ ಬಲ, ಬಿ, ಎ. ಹೌದು, ಹಳೇ ಗೇಮ್‌ಗಳ ಅದೇ ಫೇಮಸ್ ಚೀಟ್, ಕೊನಾಮಿ ಕೋಡ್. ಮಗಳಿಗೆ ಮಾತ್ರ ಹೇಳಬೇಡಿ.

ಮಾಟುಂಗಾ ಮಾಮ: ಬೇಡದ್ದೇ ಜಾಸ್ತಿ ಇದ್ದರೆ ಉಲ್ಟಾ ಮಾಡಿ. ಕಿಡ್ ಮೋಡ್ ಹಾಕಿದರೆ ಕಿಡ್‌ಗೇಮ್ ಅಂತ ಗುರುತು ಮಾಡಿದ್ದು ಮಾತ್ರ ಕಾಣುತ್ತದೆ, ನನಗಂತೂ ಇದೇ ಸುಲಭ. ಈ ಗುರುತುಗಳೆಲ್ಲ ಇರುವ ಗೇಮ್‌ಲಿಸ್ಟ್ ಎಕ್ಸ್‌ಎಂಎಲ್ ಫೈಲನ್ನೇ ತಿದ್ದುವುದಾದರೆ ಮೊದಲು ಈ ಮೆನು ತೋರಿಸುವ ಪ್ರೋಗ್ರಾಂ ಎಮ್ಯುಲೇಶನ್‌ಸ್ಟೇಷನ್ ಮುಚ್ಚಿ, ಇಲ್ಲದಿದ್ದರೆ ಅದು ಮುಚ್ಚುವಾಗ ತನ್ನ ಹಳೇ ಪಟ್ಟಿಯನ್ನೇ ಮತ್ತೆ ಬರೆದುಬಿಡಬಹುದು.