ನೀರೋನ ಕಾಲದಲ್ಲಿ ನಿಜವಾದ ಧೈರ್ಯ ಯಾರದು?

ಕಾವೇರಿತೀರ: ರೋಮ್ ಚಕ್ರವರ್ತಿ ನೀರೋನ ಗುರು ಮತ್ತು ಮಂತ್ರಿಯಾಗಿದ್ದ ತತ್ವಜ್ಞಾನಿ ಸೆನೆಕಾನನ್ನು ಎಲ್ಲರೂ ಧೈರ್ಯದ ಗುರು ಅಂತ ಹೊಗಳುತ್ತಾರೆ. ನನಗೆ ಒಪ್ಪಿಗೆಯಿಲ್ಲ. ಕ್ರಿ.ಶ. 59ರಲ್ಲಿ ನೀರೋ ಹೆತ್ತ ತಾಯಿ ಅಗ್ರಿಪ್ಪಿನಾಳನ್ನೇ ಕೊಲ್ಲಿಸಿದ. ಅದನ್ನು ಸಮರ್ಥಿಸಿ ರೋಮಿನ ಹಿರಿಯರ ಸಭೆಯಾದ ಸೆನೆಟ್‌ಗೆ ಹೋದ ಪತ್ರ ಸೆನೆಕಾನದೇ ಅಂತ ಜನ ಆಗಲೇ ಆಡಿಕೊಂಡರು, ರೋಮನ್ ಇತಿಹಾಸಕಾರ ಟ್ಯಾಸಿಟಸ್ ಇದನ್ನು ಬರೆದಿಟ್ಟಿದ್ದಾನೆ. ದಯೆಯಿಂದ ಆಳು ಅಂತ ಅದೇ ನೀರೋಗೆ ಪುಸ್ತಕ ಬರೆದುಕೊಟ್ಟವನು ಮಾಡುವ ಕೆಲಸವಾ ಇದು?

ಹಳೇ ಓದುಗ: ಅಷ್ಟು ಬೇಗ ತೀರ್ಪು ಕೊಡಬೇಡಿ ಸರ್. 54ರಲ್ಲಿ ಪಟ್ಟಕ್ಕೆ ಬಂದಾಗ ನೀರೋಗೆ 16 ವರ್ಷ. ಮೊದಲ ಕೆಲವು ವರ್ಷ ಆಡಳಿತ ನೆಟ್ಟಗಿದ್ದರೆ ಅದಕ್ಕೆ ಕಾರಣ ಸೆನೆಕಾ ಮತ್ತು ಕಾವಲುಪಡೆಯ ಮುಖ್ಯಸ್ಥ ಬುರ್ರಸ್. ಇಬ್ಬರೂ ಮೊದಲೇ ಎದ್ದು ಹೋಗಿದ್ದರೆ ಸಾಯುವವರು ಜಾಸ್ತಿ ಆಗುತ್ತಿದ್ದರು, ಅಲ್ವಾ? 62ರಲ್ಲಿ ಬುರ್ರಸ್ ತೀರಿಕೊಂಡ ಮೇಲೆ ಸೆನೆಕಾ ಆಸ್ತಿಯನ್ನೆಲ್ಲ ವಾಪಸ್ ತಗೋ, ನನ್ನನ್ನು ಬಿಡು ಅಂತ ಕೇಳಿಕೊಂಡ. ನೀರೋ ಒಪ್ಪಲಿಲ್ಲ.

ಕಾವೇರಿತೀರ: ಎದ್ದು ಹೋದವನೂ ಒಬ್ಬ ಇದ್ದನಲ್ಲ, ಸೆನೆಟ್ ಸದಸ್ಯ ಥ್ರೇಸಿಯಾ ಪೀಟಸ್. ತಾಯಿಯ ಕೊಲೆಯಾದ ಮೇಲೂ ಸೆನೆಟ್ ನೀರೋನನ್ನು ಹೊಗಳಲು ಪೈಪೋಟಿಗೆ ಬಿದ್ದಾಗ ಅವನು ಸಭೆಯಿಂದ ಹೊರನಡೆದ. 66ರಲ್ಲಿ ಅವನಿಗೂ ಸಾವಿನ ಆಜ್ಞೆ ಬಂತು.

ಹಳೇ ಓದುಗ: ಟ್ಯಾಸಿಟಸ್ ಅವನನ್ನೂ ಬಿಟ್ಟಿಲ್ಲ. ತನಗೆ ಅಪಾಯ ತಂದುಕೊಂಡ, ಉಳಿದವರಿಗೆ ಸ್ವಾತಂತ್ರ್ಯದ ದಾರಿ ತೆರೆಯಲಿಲ್ಲ ಅನ್ನುತ್ತಾನೆ.

ಮಲ್ಲಿಗೆ: ನೀವಿಬ್ಬರೂ ಸೆನೆಟ್ ಬಿಟ್ಟು ಆಚೆ ಬರುತ್ತಲೇ ಇಲ್ಲ. ಎಪಿಕಾರಿಸ್ ಹೆಸರು ಯಾಕೆ ಯಾರೂ ಎತ್ತಲಿಲ್ಲ? ಗುಲಾಮಗಿರಿಯಿಂದ ಬಿಡುಗಡೆಯಾದ ಹೆಂಗಸು. 65ರಲ್ಲಿ ನೀರೋ ವಿರುದ್ಧದ ಪಿತೂರಿ ಬಯಲಾದಾಗ ಆಕೆಯನ್ನು ಚಾಟಿಯಿಂದ ಹೊಡೆದರು, ಬೆಂಕಿಯಿಂದ ಸುಟ್ಟರು, ಒಂದು ಹೆಸರೂ ಹೊರಬರಲಿಲ್ಲ. ಮರುದಿನ ನಿಲ್ಲಲೂ ಆಗದ ಆಕೆಯನ್ನು ಕುರ್ಚಿಯಲ್ಲಿ ಹೊತ್ತು ತರುವಾಗ ದಾರಿಯಲ್ಲೇ ತನ್ನ ಪ್ರಾಣ ತಾನೇ ತೆಗೆದುಕೊಂಡಳು. ಅದೇ ಪಿತೂರಿಯಲ್ಲಿದ್ದ ಕವಿ ಲೂಕನ್, ಸೆನೆಕಾನ ತಮ್ಮನ ಮಗ, ಕ್ಷಮೆ ಸಿಗುತ್ತೆ ಅಂತ ಮಾತು ಕೊಟ್ಟ ಕೂಡಲೇ ತನ್ನ ತಾಯಿಯ ಹೆಸರು ಹೇಳಿಬಿಟ್ಟ. ಅವನ ಮೈಮೇಲೆ ಒಂದು ಏಟೂ ಬಿದ್ದಿರಲಿಲ್ಲ. ಎಪಿಕಾರಿಸ್ ಕಾಪಾಡಿದ್ದು ಸರಿಯಾಗಿ ಪರಿಚಯವೂ ಇಲ್ಲದವರನ್ನು.

ಹಳೇ ಓದುಗ: ಒಪ್ಪಿದೆ ಮೇಡಂ. ಟ್ಯಾಸಿಟಸ್‌ಗೂ ಈ ವ್ಯತ್ಯಾಸ ಚುಚ್ಚಿದೆ. ಮುಂದೆ ಚಕ್ರವರ್ತಿ ಡೊಮಿಷಿಯನ್ ಕಾಲದಲ್ಲಿ ಟ್ಯಾಸಿಟಸ್ ಕೂಡ ಅಧಿಕಾರದಲ್ಲಿದ್ದ, ಆಗ ಬಲಿಯಾದ ಸೆನೆಟ್ ಸದಸ್ಯ ಹೆಲ್ವಿಡಿಯಸ್‌ನನ್ನು ಸೆರೆಮನೆಗೆ ಎಳೆದದ್ದು ನಮ್ಮ ಕೈಗಳೇ ಅಂತ ಬರೆದುಕೊಂಡಿದ್ದಾನೆ. ಆದರೂ ಸೆನೆಕಾ ಹಿಡಿದಿಟ್ಟ ಆ ಕೆಲವು ವರ್ಷಗಳಲ್ಲಿ ಬದುಕಿ ಉಳಿದವರನ್ನು ನಾನು ಲೆಕ್ಕದಿಂದ ಬಿಡಲಾರೆ.

ಮಲ್ಲಿಗೆ: ಬಿಡಬೇಡಿ. ಅವನನ್ನು ಜಾಣ ಮಂತ್ರಿ ಅನ್ನಿ, ನಾನೂ ಅನ್ನುತ್ತೇನೆ. ಧೈರ್ಯದ ಪಾಠಕ್ಕೆ ಮಾತ್ರ ಎಪಿಕಾರಿಸ್ ಹೆಸರು ಮೊದಲು ಬರಲಿ.