ತಾಳೆಗರಿ, ಗಾಜಿನ ನೆಗೆಟಿವ್ ಸಿಕ್ಕಿವೆ, ಏನು ಮಾಡಲಿ?

ಪ್ರಶ್ನೆ (ತುಮಕೂರು): ಗುಬ್ಬಿಯ ಹಳೇ ಮನೆ ಅಟ್ಟದಲ್ಲಿ ತಾಳೆಗರಿ ಕಟ್ಟು, ಗಾಜಿನ ನೆಗೆಟಿವ್‌ಗಳು ಸಿಕ್ಕಿವೆ. ಗರಿಯ ಅಂಚು ಹುಳ ತಿಂದಿದೆ, ಅಕ್ಷರ ಕಾಣಲ್ಲ. ಒರೆಸಿ ಲ್ಯಾಮಿನೇಷನ್ ಮಾಡಿಸಲಾ?

ಉತ್ತರ (ತಿಪಟೂರು): ದಯವಿಟ್ಟು ಬೇಡ, ಒಮ್ಮೆ ಅಂಟಿದರೆ ಬಿಡಿಸೋಕಾಗಲ್ಲ. ಒದ್ದೆ ಬಟ್ಟೆಯೂ ಬೇಡ, ಮೆತ್ತನೆ ಬ್ರಷ್ ಸಾಕು. ಕಂಟದಿಂದ (ಗರಿ ಮೇಲೆ ಬರೆಯುವ ಚೂಪು ಕಡ್ಡಿ) ಕೊರೆದ ಗೀರಿನಲ್ಲಿದ್ದ ಮಸಿ ಹೋಗಿರುತ್ತೆ ಅಷ್ಟೇ, ತಿಳಿದವರು ಮತ್ತೆ ಮಸಿ ಸವರಿದರೆ ಅಕ್ಷರ ಎದ್ದು ಕಾಣುತ್ತೆ.

ಉತ್ತರ (ಶಿರಾ): ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯದಲ್ಲಿ ತೋರಿಸಿ. 1891ರಲ್ಲಿ ಶುರುವಾದದ್ದು. ವಿದ್ವಾಂಸ ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಓಲೆಪ್ರತಿ ಗುರುತಿಸಿ 1909ರಲ್ಲಿ ಅಚ್ಚು ಹಾಕಿಸಿದ್ದು ಅಲ್ಲಿದ್ದಾಗಲೇ, ಅದನ್ನೂ ಒಬ್ಬ ಪಂಡಿತರು ತಂದುಕೊಟ್ಟಿದ್ದು ಅಲ್ವಾ!

ಉತ್ತರ (ಕೋಲಾರ): ನೆಗೆಟಿವ್ ಪೇರಿಸಬೇಡಿ, ಒಂದೊಂದಕ್ಕೂ ಕಾಗದ ಸುತ್ತಿ ನಿಲ್ಲಿಸಿಡಿ. ಅದರಲ್ಲಿ ಯಾರ್ಯಾರಿದ್ದಾರೆ ಅಂತ ಮನೆಯ ಹಿರಿಯರನ್ನು ಈಗಲೇ ಕೇಳಿ ಬರೆದಿಡಿ.