ಬೊಲೆರೊ ಎಂಜಿನ್ ಹಾಕೋ ತೋಟದ ಜೀಪಿಗೆ ಯಾವ ಗೇರ್‌ಬಾಕ್ಸ್?

ಪ್ರಶ್ನೆ (ಮೂಡಿಗೆರೆಯಿಂದ):
ನಮಸ್ಕಾರ ಸರ್. ನಮ್ಮ ತೋಟದಲ್ಲಿ ಹಳೇ ಮಹೀಂದ್ರ ಎಂಎಂ 540 ಜೀಪ್ ಇದೆ, ಫೋರ್ ವೀಲ್ ಡ್ರೈವ್. ಅದರ 2.1 ಲೀಟರ್ ಪ್ಯೂಜೋ ಡೀಸೆಲ್ ಎಂಜಿನ್ನಿನ ಬ್ಲಾಕ್ ಬಿರುಕು ಬಿಟ್ಟಿದೆ. ಬೊಲೆರೊದ 2.5 ಲೀಟರ್ ಡಿಐ (ಡೈರೆಕ್ಟ್ ಇಂಜೆಕ್ಷನ್ ಡೀಸೆಲ್) ಟರ್ಬೊ ಎಂಜಿನ್ ಸಿಕ್ಕಿದೆ, ಅದನ್ನೇ ಕೂರಿಸೋಣ ಅಂತ. ಗೇರ್‌ಬಾಕ್ಸ್ ವಿಷಯದಲ್ಲಿ ತಲೆ ಕೆಟ್ಟಿದೆ. ಒಬ್ಬರು ಈಗಿರೋ ನಾಲ್ಕು ಗೇರಿನದ್ದೇ ಸಾಕು ಅಂತಾರೆ, ಇನ್ನೊಬ್ಬರು ಐದು ಗೇರಿನದ್ದೇ ಹಾಕಿಸಿ ಅಂತಾರೆ. ಗಾಡಿಗೆ ಕೆಲಸ ಅಂದ್ರೆ ಗೊಬ್ಬರ, ಕಾಫಿ ಮೂಟೆ, ಆಳುಗಳು. ವಾರಕ್ಕೊಮ್ಮೆ ಚಿಕ್ಕಮಗಳೂರು, ಆಗಾಗ ಚಾರ್ಮಾಡಿ ಇಳಿದು ಉಜಿರೆ.

ಉತ್ತರ (ಚಿಕ್ಕಮಗಳೂರಿನ ಮೆಕ್ಯಾನಿಕ್):
ನಾಲ್ಕೋ ಐದೋ ಅನ್ನೋದನ್ನ ಆಮೇಲೆ ನೋಡೋಣ ಸರ್. ಮೊದಲು ಗೇರ್‌ಬಾಕ್ಸಿನ ಹಿಂಭಾಗ ನೋಡಿ. ಬೊಲೆರೊಗಳಲ್ಲಿ ಜಾಸ್ತಿ ಇರೋದು ಟೂ ವೀಲ್ ಡ್ರೈವ್ (ಹಿಂದಿನ ಎರಡೇ ಚಕ್ರಕ್ಕೆ ಬಲ ಹೋಗೋ) ಗಾಡಿಗಳು, ಹಾಗಾಗಿ ಗುಜರಿಯಲ್ಲಿ ಸಿಗೋ ಬಾಕ್ಸೂ ಅದೇ. ಅದರ ಹಿಂದೆ ಉದ್ದ ಬಾಲ ಇರುತ್ತೆ, ನೇರ ಪ್ರೊಪೆಲ್ಲರ್ ಶಾಫ್ಟಿಗೆ (ಆಕ್ಸಲಿಗೆ ಬಲ ಒಯ್ಯೋ ಉದ್ದ ದಂಡ) ಹೋಗೋದು. ನಿಮ್ಮ ಜೀಪಿನಲ್ಲಿ ಮುಂದಿನ, ಹಿಂದಿನ ಎರಡೂ ಆಕ್ಸಲಿಗೆ ಬಲ ಹಂಚೋ ಟ್ರಾನ್ಸ್‌ಫರ್ ಕೇಸ್ ಗೇರ್‌ಬಾಕ್ಸಿನ ಬೆನ್ನಿಗೇ ಬೋಲ್ಟ್ ಆಗಿದೆ, ಅದನ್ನ ತಿರುಗಿಸೋ ಗೇರು ಬಾಕ್ಸಿನ ಮೇನ್ ಶಾಫ್ಟ್ ತುದಿಯಲ್ಲೇ ಕೂತಿದೆ. ಟೂ ವೀಲ್ ಬಾಕ್ಸಿನಲ್ಲಿ ಅದಕ್ಕೆ ಜಾಗವೇ ಇಲ್ಲ. ಲೇತಿನಲ್ಲಿ ಏನೋ ಮಾಡಿ ಕೂರಿಸ್ತೀವಿ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಮಳೆಗಾಲದಲ್ಲಿ ತೋಟದ ಕೆಸರಿನಲ್ಲಿ ಫೋರ್ ವೀಲ್ ಇಲ್ಲದ ಜೀಪ್ ಇಟ್ಟುಕೊಂಡು ಏನು ಮಾಡ್ತೀರಿ?

ಇನ್ನೊಂದು, ಹಳೇ ಜೀಪಿನ ಹಿಂದಿನ ಆಕ್ಸಲ್ ಗುಂಡು (ಡಿಫರೆನ್ಷಿಯಲ್ ಗೇರ್ ಇರೋ ಉಬ್ಬು) ನಡುವೆ ಇರಲ್ಲ, ಬಲಕ್ಕೆ ಸರಿದಿರುತ್ತೆ. ಟ್ರಾನ್ಸ್‌ಫರ್ ಕೇಸಿನಿಂದ ಶಾಫ್ಟ್ ಹೊರಡೋದೂ ಬಲಗಡೆಯಿಂದಲೇ. ಶಾಫ್ಟ್ ನಡುವಿನಿಂದ ಹೊರಡೋ ಬೇರೆ ಟ್ರಾನ್ಸ್‌ಫರ್ ಕೇಸ್ ಹಾಕಿದರೆ ಶಾಫ್ಟ್ ಓರೆಯಾಗಿ ಓಡುತ್ತೆ, ಅದರ ತುದಿಯ ಜಾಯಿಂಟ್ ಕ್ರಾಸ್ ಮೇಲಿಂದ ಮೇಲೆ ಹಾಳಾಗುತ್ತೆ.

ಈಗ ಲೆಕ್ಕಕ್ಕೆ ಬರೋಣ, ಇದನ್ನ ಬಹಳ ಜನ ಬಿಟ್ಟೇಬಿಡ್ತಾರೆ. ನಿಮ್ಮ ಪ್ಯೂಜೋ ಎಂಜಿನ್ 4500 ಆರ್‌ಪಿಎಂವರೆಗೆ ಕೂಗಿಕೊಂಡು ಹೋಗೋದು. ಡಿಐ 3200ಕ್ಕೆ ಮುಗೀತು, ಅದರ ಬಲ ಎಲ್ಲಾ ಕೆಳಗೆ, 1500ರ ಆಸುಪಾಸಿನಲ್ಲಿ. ಪ್ಯೂಜೋದ ಟಾರ್ಕ್ (ತಿರುಗಿಸೋ ಬಲ) ಸುಮಾರು 120 ನ್ಯೂಟನ್ ಮೀಟರ್, ಟರ್ಬೊ ಡಿಐದು 180. ಅಂದ್ರೆ ಹಳೇ ಬಾಕ್ಸಿನ ಮೇಲೆ ಒಂದೂವರೆ ಪಟ್ಟು ಹೊರೆ ಬೀಳುತ್ತೆ. ಇಷ್ಟು ವರ್ಷ ದುಡಿದ ಗೇರು, ಬೇರಿಂಗು ಅದನ್ನ ಎಷ್ಟು ದಿನ ತಡೀಬಹುದು ಹೇಳಿ.

ವೇಗದ್ದೂ ಹಾಗೇ. ಆಕ್ಸಲ್ ರೇಶಿಯೋ (ಚಕ್ರಗಳು ಒಂದು ಸುತ್ತು ಸುತ್ತೋಕೆ ಶಾಫ್ಟ್ ಎಷ್ಟು ಸುತ್ತಬೇಕು ಅನ್ನೋ ಲೆಕ್ಕ) 5.38 ಇದ್ದು 6.00-16 ಟೈರ್ ಇದ್ದರೆ, ನಾಲ್ಕನೇ ನೇರ ಗೇರಿನಲ್ಲಿ (ರೇಶಿಯೋ 1) 3000 ಆರ್‌ಪಿಎಂಗೆ ಗಾಡಿ ಓಡೋದು ಗಂಟೆಗೆ ಸುಮಾರು 75 ಕಿಲೋಮೀಟರ್. ಅಷ್ಟಕ್ಕೇ ಎಂಜಿನ್ ಒದ್ದಾಡ್ತಿರುತ್ತೆ. ಐದನೇ ಗೇರ್ 0.85ರ ಹತ್ತಿರ ಇದ್ದರೆ ಅದೇ ಆರ್‌ಪಿಎಂನಲ್ಲಿ 90ರ ಹತ್ತಿರ ಹೋಗುತ್ತೆ. ಹಾಗಾಗಿ ಪ್ಯೂಜೋಗೆ ನಾಲ್ಕು ಗೇರ್ ಸಾಕಾಗಿತ್ತು, ಡಿಐಗೆ ಐದು ಬೇಕು. ಆದರೆ ತೋಟಕ್ಕೆ ಐದನೇದಲ್ಲ, ಮೊದಲನೇ ಗೇರೇ ಮುಖ್ಯ. ಮೊದಲ ಗೇರಿನ ರೇಶಿಯೋ 4 ಅಂತ ಇಟ್ಟುಕೊಳ್ಳಿ, ಸ್ಪೈಸರ್ ಟ್ರಾನ್ಸ್‌ಫರ್ ಕೇಸಿನ ಲೋ (ನಿಧಾನದ) ಗೇರ್ 2.46, ಆಕ್ಸಲ್ 5.38. ಮೂರನ್ನೂ ಗುಣಿಸಿದರೆ 53. ಎಂಜಿನ್ ಐಡಲಿನಲ್ಲೇ ಗಾಡಿ ಗಂಟೆಗೆ ಎರಡು ಕಿಲೋಮೀಟರಿನಂತೆ ತೆವಳುತ್ತೆ. ಮೂಟೆ ತುಂಬಿಕೊಂಡು ಜಾರೋ ಇಳಿಜಾರಿನಲ್ಲಿ ಬರುವಾಗ ಬ್ರೇಕ್ ತುಳಿಯೋದೇ ಬೇಡ. ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕ್ ಇರೋ ಗಾಡಿ, ನೀರು ಹೊಕ್ಕರೆ ಬ್ರೇಕ್ ಹಿಡಿಯೋದೂ ಕಷ್ಟ. ಅಲ್ಲಿ ಗೇರೇ ನಿಮ್ಮನ್ನ ಕಾಯೋದು.

ನನ್ನ ಸಲಹೆ ಇಷ್ಟೇ: ಎಂಜಿನ್ ಮಾತ್ರ ತರಬೇಡಿ. ಫೋರ್ ವೀಲ್ ಬೊಲೆರೊ ಡಿಐ ಅಥವಾ ಹಳೇ ಥಾರ್ ಡಿಐ ಬಿಚ್ಚುವವರ ಹತ್ತಿರ ಎಂಜಿನ್, ಫ್ಲೈವೀಲ್, ಕ್ಲಚ್, ಬೆಲ್ ಹೌಸಿಂಗ್ (ಎಂಜಿನ್ನಿಗೂ ಬಾಕ್ಸಿಗೂ ನಡುವೆ ಕ್ಲಚ್ ಮುಚ್ಚೋ ಕವಚ), ಐದು ಗೇರಿನ ಬಾಕ್ಸ್, ಟ್ರಾನ್ಸ್‌ಫರ್ ಕೇಸ್ ಎಲ್ಲಾ ಒಂದೇ ಸೆಟ್ ಕೇಳಿ, ಹಿಂದಿನ ಶಾಫ್ಟ್ ಬಲಗಡೆಯಿಂದಲೇ ಹೊರಡುತ್ತಾ ಅಂತಲೂ ನೋಡಿ. ದುಡ್ಡು ಜಾಸ್ತಿ ಅನಿಸುತ್ತೆ. ಆದರೆ ಬಿಡಿ ಬಿಡಿಯಾಗಿ ಜೋಡಿಸೋಕೆ ಹೋದರೆ ಇನ್‌ಪುಟ್ ಶಾಫ್ಟಿನ ಹಲ್ಲು ಕ್ಲಚ್ ಪ್ಲೇಟಿಗೆ ಸೇರಬೇಕು, ಶಾಫ್ಟ್ ತುದಿ ಪೈಲಟ್ ಬೇರಿಂಗಿನೊಳಗೆ (ಕ್ರ್ಯಾಂಕಿನ ತುದಿಯ ಚಿಕ್ಕ ಬೇರಿಂಗ್) ಸರಿಯಾಗಿ ಕೂರಬೇಕು. ನಡುವೆ ಅಡಾಪ್ಟರ್ ಪ್ಲೇಟ್ ಹಾಕಿದರೆ ಅದು ಕ್ರ್ಯಾಂಕಿನ ನಡುವಿಗೇ ಬರಬೇಕು. ಡಯಲ್ ಗೇಜ್ ಇಟ್ಟು ಸುತ್ತ ತಿರುಗಿಸಿ ನೋಡಿದಾಗ ವ್ಯತ್ಯಾಸ 0.13 ಮಿಲಿಮೀಟರ್ ದಾಟಬಾರದು. ಕಣ್ಣಳತೆಯಲ್ಲಿ ಮಾಡಿದ ಪ್ಲೇಟ್ ಬೇರಿಂಗನ್ನ ತಿಂದು ಹಾಕುತ್ತೆ.

ಕೇಳಿದವರು:
ಬಹಳ ಉಪಕಾರ ಸರ್. ಆಕ್ಸಲ್ 5.38 ಹೌದೋ ಅಲ್ವೋ ಅಂತ ಬಿಚ್ಚದೇ ತಿಳಿಯೋದು ಹೇಗೆ? ಆರ್‌ಸಿಗೆ ತೊಂದರೆ ಆಗುತ್ತಾ?

ಉತ್ತರ:
ಸುಲಭ ಇದೆ. ಸಮ ನೆಲದಲ್ಲಿ ನಿಲ್ಲಿಸಿ, ಮುಂದಿನ ಚಕ್ರಕ್ಕೆ ಕಲ್ಲು ಕೊಡಿ, ಫೋರ್ ವೀಲ್ ಬಿಡಿಸಿ, ಗೇರ್ ನ್ಯೂಟ್ರಲ್ ಮಾಡಿ, ಹಿಂದಿನ ಒಂದೇ ಚಕ್ರ ಜಾಕಿಯಲ್ಲಿ ಎತ್ತಿ. ಆ ಚಕ್ರ ಸರಿಯಾಗಿ ಎರಡು ಸುತ್ತು ತಿರುಗಿಸಿ (ಇನ್ನೊಂದು ಚಕ್ರ ನಿಂತಿರೋದರಿಂದ ಒಂದರ ಬದಲು ಎರಡು), ಅಷ್ಟರಲ್ಲಿ ಪ್ರೊಪೆಲ್ಲರ್ ಶಾಫ್ಟ್ ಎಷ್ಟು ಸುತ್ತಿತು ಎಣಿಸಿ. ಐದೂ ಕಾಲು ದಾಟಿ ಸ್ವಲ್ಪ ಹೋದರೆ 5.38. ಐದಕ್ಕೆ ಸ್ವಲ್ಪ ಕಮ್ಮಿ ಇದ್ದರೆ 4.88.

ಆರ್‌ಸಿ ವಿಷಯದಲ್ಲಿ ಕಾನೂನು ಬಿಗಿ ಇದೆ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಇರೋದೇ ಇಂಥ ಬದಲಾವಣೆಗೆ. ಕೆಲಸ ಶುರು ಮಾಡೋ ಮುಂಚೆ ಆರ್‌ಟಿಒದಲ್ಲಿ ಕೇಳಿ ಅನುಮತಿ ತಗೊಳ್ಳಿ. ಎಂಜಿನ್ ಕೊಟ್ಟವರ ಬಿಲ್, ಆ ಗಾಡಿಯ ಕಾಗದ ಇಲ್ಲದೆ ದುಡ್ಡು ಕೊಡಲೇಬೇಡಿ. ತೋಟದೊಳಗೆ ಓಡಿಸೋದು ಬೇರೆ, ಚಾರ್ಮಾಡಿಯಲ್ಲಿ ಏನಾದರೂ ಆಗಿ ಎಂಜಿನ್ ನಂಬರ್ ಹೊಂದದಿದ್ದರೆ ಇನ್ಶೂರೆನ್ಸ್‌ನವರು ಕೈ ಎತ್ತಬಹುದು.

ಇನ್ನೊಬ್ಬರು (ಸಕಲೇಶಪುರ):
ಅಣ್ಣ, ನಮ್ಮದು ಸಿಜೆ3ಬಿ ಪೆಟ್ರೋಲ್ ಜೀಪ್, ಮೂರು ಗೇರಿನದು. ಅದಕ್ಕೂ ಡಿಐ ಹಾಕಿ ಬಾಕ್ಸ್ ಅದನ್ನೇ ಇಟ್ಟುಕೊಂಡರೆ?

ಉತ್ತರ:
ಬೇಡ. ಆ ಟಿ-90 ಬಾಕ್ಸಿನ ಮೊದಲ ಗೇರ್ 2.8 ಮಾತ್ರ, ಲೋ ಹಾಕಿದರೂ ಲೆಕ್ಕ 53ರ ಬದಲು 37ಕ್ಕೆ ನಿಲ್ಲುತ್ತೆ. ಮೊದಲ ಗೇರಿಗೆ ಸಿಂಕ್ರೋ (ಗೇರ್ ಕರಕರ ಅನ್ನದೆ ಬೀಳೋ ಹಾಗೆ ಮಾಡೋ ರಿಂಗ್) ಇಲ್ಲ, ಏರಿನಲ್ಲಿ ಎರಡರಿಂದ ಒಂದಕ್ಕೆ ಬರೋವಾಗ ಗಾಡಿ ನಿಂತೇಬಿಡುತ್ತೆ. ಜೊತೆಗೆ ಚಾಸಿ ತುಂಬಾ ಗಿಡ್ಡ, ವೀಲ್‌ಬೇಸ್ 80 ಇಂಚು. ಉದ್ದದ ಐದು ಗೇರಿನ ಬಾಕ್ಸ್ ಹಾಕಿದರೆ ಹಿಂದಿನ ಶಾಫ್ಟ್ ಮೊಳದುದ್ದಕ್ಕೆ ಇಳಿದು ಜಾಯಿಂಟ್ ಕೋನ ಕೆಡುತ್ತೆ. ಪೆಟ್ರೋಲಿನಿಂದ ಡೀಸೆಲಿಗೆ ಅಂದ್ರೆ ಆರ್‌ಸಿಯಲ್ಲೂ ಇನ್ನೂ ದೊಡ್ಡ ತಲೆನೋವು. ಆ ಪೆಟ್ರೋಲ್ ಎಂಜಿನ್ನನ್ನೇ ಚೆನ್ನಾಗಿ ಬೋರ್ ಮಾಡಿಸಿ ಇಟ್ಟುಕೊಳ್ಳಿ ಅಣ್ಣ, ಒಳ್ಳೇ ಗಾಡಿ ಅದು.

ಮೂಡಿಗೆರೆಯವರು ಮತ್ತೆ:
ಸರ್, ಎಣಿಸಿದೆ, 5.38ರದ್ದೇ. ಅವರು ತೋರಿಸಿದ ಬಾಕ್ಸಿಗೆ ಬಾಲ ಇದೆ, ಬೇಡ ಅಂದೆ. ಫೋರ್ ವೀಲ್ ಸೆಟ್ ಇನ್ನೊಂದು ಕಡೆ ಇದೆ ಅಂತೆ. ನೋಡೋಕೆ ಹೋದಾಗ ಏನು ಪರೀಕ್ಷೆ ಮಾಡಲಿ?

ಉತ್ತರ:
ಬಿಚ್ಚೋ ಮುಂಚೆ ಗಾಡಿಯಲ್ಲೇ ಓಡಿಸಿ ನೋಡೋಕೆ ಆದರೆ ಎಲ್ಲಕ್ಕಿಂತ ಒಳ್ಳೇದು. ಮೂರರಿಂದ ಎರಡಕ್ಕೆ ಬೇಗ ಹಾಕಿ, ಕರಕರ ಅಂದ್ರೆ ಸಿಂಕ್ರೋ ಹೋಗಿದೆ. ಎಕ್ಸಲರೇಟರ್ ಒತ್ತಿ ಒಮ್ಮೆಲೇ ಬಿಡಿ, ಗೇರ್ ತಾನೇ ಹೊರಗೆ ಹಾರಬಾರದು. ಬಿಚ್ಚಿಟ್ಟಿದ್ದರೆ ಇನ್‌ಪುಟ್ ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ, ಆಯಿಲ್ ಸ್ವಲ್ಪ ಇಳಿಸಿ ಬಟ್ಟೆ ಮೇಲೆ ಹರಡಿ. ಹಿತ್ತಾಳೆ ಪುಡಿ ಸ್ವಲ್ಪ ಇದ್ದರೆ ಪರವಾಗಿಲ್ಲ, ಕಬ್ಬಿಣದ ಚೂರು ಸಿಕ್ಕಿದರೆ ಬಿಟ್ಟು ಬನ್ನಿ. ಕೂರಿಸಿದ ಮೇಲೆ ಗೇರ್‌ಬಾಕ್ಸಿಗೆ ಜಿಎಲ್-4 ದರ್ಜೆಯ ಗೇರ್ ಆಯಿಲ್ ಹಾಕಿ. ಆಕ್ಸಲಿಗೆ ಹಾಕೋ ಜಿಎಲ್-5 ಅನ್ನೇ ಇದಕ್ಕೂ ಸುರೀಬೇಡಿ, ಹಿತ್ತಾಳೆ ಸಿಂಕ್ರೋ ರಿಂಗಿಗೆ ಅದು ಒಳ್ಳೇದಲ್ಲ. ಸೆಟ್ ನೋಡಿದ ಮೇಲೆ ಬೆಲ್ ಹೌಸಿಂಗಿನ, ಟ್ರಾನ್ಸ್‌ಫರ್ ಕೇಸಿನ ಫೋಟೋ ಹಾಕಿ, ಕ್ರಾಸ್ ಮೆಂಬರ್ (ಬಾಕ್ಸ್ ಕೂರೋ ಚಾಸಿಯ ಅಡ್ಡಪಟ್ಟಿ) ಎಷ್ಟು ಸರಿಸಬೇಕು ಅಂತ ನೋಡಿ ಹೇಳ್ತೀನಿ.